ಹೊನ್ನಾವರದಿಂದ ಗೇರುಸೊಪ್ಪೆಗೆ ಒಂದು ದೋಣಿ ಬಿಡಿ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,



ಕರಾವಳಿಯ ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಎಲ್ಲರ ಕಣ್ಣು ಕಡಲತೀರದ ಮೇಲೇ. ಹೊನ್ನಾವರದ ಮಟ್ಟಿಗೆ ಅದರಲ್ಲಿ ತಪ್ಪಿಲ್ಲ. ಕಾಸರಕೋಡಿನ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ವರ್ಷ ದೇಶದಲ್ಲಿ ಅದನ್ನು ಪಡೆದ ಎಂಟು ತೀರಗಳಲ್ಲಿ ಎರಡು ನಮ್ಮವು, ಇನ್ನೊಂದು ಪಡುಬಿದ್ರಿ. ಗಾಳಿಮರಗಳ ನೆರಳು, ಶರಾವತಿ ಅಳಿವೆಯ ಕಾಂಡ್ಲಾ ಗಿಡಗಳ ನಡುವಿನ ಕಾಲುದಾರಿ, ಹಿನ್ನೀರಿನಲ್ಲಿ ಒಂದು ಸುತ್ತು ಹಾಕಿಸುವ ದೋಣಿಗಳು, ಹತ್ತಿರದಲ್ಲೇ ಅಪ್ಸರಕೊಂಡ ಜಲಪಾತ. ಶನಿವಾರ ಭಾನುವಾರ ಬೆಂಗಳೂರು, ಹುಬ್ಬಳ್ಳಿಯ ಕಾರುಗಳಿಗೆ ನಿಲ್ಲಲು ಜಾಗ ಸಾಲದು. ಜನ ಬರಲಿ. ನನ್ನ ತಕರಾರು ತೀರದ್ದಲ್ಲ. ಶರಾವತಿಯ ಬಾಯಿಗೆ ಬಂದವರು, ಅದೇ ನದಿಯ ಮೇಲ್ಗಡೆ ಸುಮಾರು 30 ಕಿಲೋಮೀಟರ್ ದೂರದಲ್ಲಿ ಒಂದು ರಾಜಧಾನಿ ಇತ್ತೆಂಬ ಸುಳಿವೇ ಇಲ್ಲದೆ ವಾಪಸಾಗುತ್ತಾರಲ್ಲ, ಅದರದ್ದು.

ಗೇರುಸೊಪ್ಪೆಯ ಹೆಸರು ಪತ್ರಿಕೆಯಲ್ಲಿ ಬರುವುದು ಅಣೆಕಟ್ಟೆಯ ಕಾರಣಕ್ಕೆ, ಈಚೆಗೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಜಗಳಕ್ಕೆ. ನದಿಯ ಆಚೆ ದಡದ ಕಾಡಿನೊಳಗೆ ನಗರಬಸ್ತಿಕೇರಿ ಇದೆ. ನಗಿರೆಯ ಅರಸರು ಅಲ್ಲಿದ್ದು ಘಟ್ಟದ ಕರಿಮೆಣಸನ್ನು ಹೊನ್ನಾವರ, ಭಟ್ಕಳದ ಬಂದರುಗಳಿಗೆ ಇಳಿಸುತ್ತಿದ್ದರು. ಆ ಮೆಣಸಿನ ದೆಸೆಯಿಂದಲೇ ಇಲ್ಲಿನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದರು. 1552ರಿಂದ 1606ರವರೆಗೆ, ಅಂದರೆ ಐವತ್ತನಾಲ್ಕು ವರ್ಷ ಆಳಿದವಳು. ಕೊನೆಗೆ ಕೆಳದಿಯವರ ಕೈಗೆ ಸಿಕ್ಕಿ ಇಕ್ಕೇರಿಯ ಸೆರೆಯಲ್ಲಿ ತೀರಿಕೊಂಡಳೆಂಬುದು ಪ್ರತೀತಿ. ಗಜಾನನ ಶರ್ಮರ ಕಾದಂಬರಿ ಬಂದ ಮೇಲೆ ಅವಳ ಹೆಸರು ಹಿಡಿದು ಗೇರುಸೊಪ್ಪೆ ಹುಡುಕಿಕೊಂಡು ಬರುವ ಓದುಗರೂ ಇದ್ದಾರೆ. ಬಂದವರಿಗೆ ದಾರಿ ಹೇಳುವವರು ಬೇಕು.

ನಗರಬಸ್ತಿಕೇರಿಯ ಚತುರ್ಮುಖ ಬಸದಿಯನ್ನು ತಾವು ನೋಡಿರಬಹುದು. ನೋಡಿರದಿದ್ದರೆ ಒಮ್ಮೆ ಬನ್ನಿ, ಬೆಂಗಾವಲಿನ ಕಾರುಗಳನ್ನು ರಸ್ತೆಯಲ್ಲೇ ಬಿಟ್ಟು. ನಾಲ್ಕು ದಿಕ್ಕಿಗೂ ಬಾಗಿಲು, ನಾಲ್ಕೂ ಬಾಗಿಲು ಸೇರುವುದು ಒಂದೇ ಗರ್ಭಗುಡಿಗೆ. ಒಳಗೆ ನಾಲ್ವರು ತೀರ್ಥಂಕರರು ಬೆನ್ನಿಗೆ ಬೆನ್ನು ಕೊಟ್ಟು ಪದ್ಮಾಸನದಲ್ಲಿ ಕೂತಿದ್ದಾರೆ. ಯಾವ ಬಾಗಿಲಲ್ಲಿ ನಿಂತರೂ ಒಬ್ಬರು ನಿಮ್ಮನ್ನೇ ನೋಡುತ್ತಿರುತ್ತಾರೆ. ಕಾರ್ಕಳದ ಚತುರ್ಮುಖ ಬಸದಿಯಲ್ಲಿ ಜಿನಮೂರ್ತಿಗಳು ನಿಂತಿವೆ, ಇಲ್ಲಿ ಕೂತಿವೆ. ಎರಡನ್ನೂ ನೋಡಿದವರಿಗೆ ಈ ವ್ಯತ್ಯಾಸ ಸಣ್ಣದೆನಿಸದು. ಶಿಖರವಿಲ್ಲ, ಸುತ್ತ ಕಾಡು. ಆಚೀಚೆ ಬೇರೆ ಬಸದಿಗಳು, ಶಾಸನದ ಕಲ್ಲುಗಳು, ಈಗಲೂ ಹರಕೆ ಹೊತ್ತ ಜನ ಬರುವ ಜ್ವಾಲಾಮಾಲಿನಿ ಅಮ್ಮನ ಗುಡಿ. ಹಂಪಿಯ ವೈಭವ ಇಲ್ಲಿಲ್ಲ. ನನ್ನನ್ನು ಕೇಳಿದರೆ ಅದೇ ಒಳ್ಳೆಯದು: ಹಂಪಿಯಲ್ಲಿ ಜನ ಫೋಟೊ ತೆಗೆದುಕೊಳ್ಳುತ್ತಾರೆ, ಇಲ್ಲಿ ಪ್ರಶ್ನೆ ಕೇಳುತ್ತಾರೆ.

ಬಂದರು ಒಂದು ಕಡೆ, ರಾಜಧಾನಿ ಇನ್ನೊಂದು ಕಡೆ ಎಂದು ನಾವು ಇಂದು ಎಣಿಸುವುದು ರಸ್ತೆಯಲ್ಲಿ ಓಡಾಡುವವರ ಲೆಕ್ಕ. ಆ ಕಾಲದವರಿಗೆ ಎರಡೂ ಒಂದೇ ನದಿಯ ಎರಡು ಕೊನೆಗಳು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಂದಿಗೆ ಇಕ್ಕೇರಿಗೆ ಹೊರಟ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ, ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಯಲ್ಲಿ ಇಳಿದ. ತಾನು ಕಂಡ ನದಿಗಳಲ್ಲೆಲ್ಲ ಇದೇ ಚೆಲುವಾದದ್ದು ಎಂಬಷ್ಟು ಮೆಚ್ಚಿ ಬರೆದ. ರಾಣಿಯ ಆಳ್ವಿಕೆ ಮುಗಿದು ಇಪ್ಪತ್ತು ವರ್ಷವೂ ಆಗಿರಲಿಲ್ಲ, ಊರು ಆಗಲೇ ಹಾಳುಬಿದ್ದು ಮರಗಿಡ ಬೆಳೆದಿದ್ದನ್ನೂ ಬರೆದಿಟ್ಟ. ಮುಂದೆ ಬ್ರಿಟಿಷರು ಜೋಗವನ್ನು ಗೇರುಸೊಪ್ಪೆ ಜಲಪಾತ ಎಂದೇ ಕರೆದರು. ಕಡಲ ಕಡೆಯಿಂದ ಅಲ್ಲಿಗೆ ಹೋಗುವವರು ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಬಂದು ಘಟ್ಟ ಹತ್ತುತ್ತಿದ್ದರು. ಇಂದು ಜೋಗದಿಂದ ಮುರ್ಡೇಶ್ವರಕ್ಕೆ ಇಳಿಯುವ ಟೂರಿಸ್ಟ್ ಬಸ್ಸುಗಳು ಇದೇ ಗೇರುಸೊಪ್ಪೆಯನ್ನು ಹಾದು ಹೋಗುತ್ತವೆ. ಹಾರ್ನ್ ಹಾಕುತ್ತವೆ, ನಿಲ್ಲುವುದಿಲ್ಲ. ಯಾಕೆ ನಿಲ್ಲಿಸುವುದಿಲ್ಲ ಎಂದು ಒಬ್ಬ ಚಾಲಕರನ್ನು ಕೇಳಿದೆ. "ಅಲ್ಲೆಂತ ಉಂಟು ಮಾರಾಯ್ರೆ, ಬರೀ ಕಲ್ಲು" ಎಂದರು.

ಅವರದು ತಪ್ಪಲ್ಲ. ಹೇಳುವವರಿಲ್ಲದಿದ್ದರೆ ಕಲ್ಲು ಕಲ್ಲೇ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಮಳೆಗಾಲ ಕಳೆದ ಮೇಲೆ, ಭರತ ಇಳಿತ ನೋಡಿಕೊಂಡು, ಹೊನ್ನಾವರದಿಂದ ಗೇರುಸೊಪ್ಪೆಗೆ ಪ್ರವಾಸಿಗರ ದೋಣಿ ಬಿಡಿ. ನದಿಯಲ್ಲಿ ಹೂಳು ಎಲ್ಲಿ ನಿಂತಿದೆ, ಆಳ ಎಲ್ಲಿದೆ ಎಂಬುದು ಇಲ್ಲಿನ ದೋಣಿಯವರಿಗೆ ಬಾಯಿಪಾಠ. ಆ ಕೆಲಸ ಅವರಿಗೇ ಸಿಗಲಿ, ಹೊರಗಿನ ಗುತ್ತಿಗೆದಾರರಿಗೆ ಬೇಡ. ಮೇಲೆ ಅಣೆಕಟ್ಟೆ ಇರುವುದರಿಂದ ನೀರು ಬಿಡುವ ಹೊತ್ತನ್ನು ವಿದ್ಯುತ್ ನಿಗಮದವರು ದೋಣಿಯವರಿಗೆ ಮೊದಲೇ ತಿಳಿಸಬೇಕು. ಈ ಒಂದು ಏರ್ಪಾಡು ತಮ್ಮ ಮಟ್ಟದಲ್ಲಿ ಆಗಬೇಕಾದದ್ದು, ದೋಣಿಯವರು ಅಲೆದರೆ ಆಗುವುದಲ್ಲ. ಆಚೆ ದಡದಲ್ಲಿ ಕಥೆ ಹೇಳಲು ಸುತ್ತಲಿನ ಊರುಗಳ ಹುಡುಗ ಹುಡುಗಿಯರಿಗೇ ತರಬೇತಿ ಕೊಡಿ. ಚೆನ್ನಭೈರಾದೇವಿಯ ಕಥೆಯಷ್ಟೇ ಸಾಲದು. ಹದಿನಾಲ್ಕನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಈ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿವೆ ಎಂದು ಬರೆದದ್ದನ್ನೂ ಅವರು ಹೇಳಬೇಕು. ಇಂಥ ಊರಿಗೆ ಬಂದವರು ತೀರದಲ್ಲಿ ಐಸ್‌ಕ್ರೀಮ್ ತಿಂದು ಹೋದರೆ ನಷ್ಟ ಯಾರಿಗೆ?

ಬಸದಿ ಕೇಂದ್ರದ ಪುರಾತತ್ವ ಸರ್ವೇಕ್ಷಣೆಗೆ ಸೇರಿದ್ದು, ಕಾಡು ಅರಣ್ಯ ಇಲಾಖೆಯದ್ದು ಎಂದು ತಮ್ಮ ಅಧಿಕಾರಿಗಳು ಟಿಪ್ಪಣಿ ಬರೆಯಬಹುದು. ನಿಜವೇ. ಕಲ್ಲು ಮುಟ್ಟುವುದು ಸರ್ವೇಕ್ಷಣೆಯವರಿಗೇ ಬಿಟ್ಟದ್ದು. ಆದರೆ ದೋಣಿ, ಮಾರ್ಗದರ್ಶಿ, ಹೆದ್ದಾರಿಯ ಬದಿಯ ಕನ್ನಡ ಫಲಕ, ಹೆಂಗಸರು ಹೋಗಬಹುದಾದ ಶೌಚಾಲಯ, ಹೊನ್ನಾವರ ರೈಲು ನಿಲ್ದಾಣದಿಂದ ಹೊತ್ತು ಗೊತ್ತಿರುವ ಒಂದು ಬಸ್ಸು ರಾಜ್ಯ ಸರ್ಕಾರ ಮಾಡಬಹುದಾದ ಕೆಲಸಗಳು. ಇದರ ಜೊತೆ ಒಂದು ವಿನಂತಿ, ಸ್ವಲ್ಪ ಕಟುವಾಗಿಯೇ: ಗೇರುಸೊಪ್ಪೆಯನ್ನು 'ಅಭಿವೃದ್ಧಿ' ಮಾಡಬೇಡಿ. ಗಾಜಿನ ಸೇತುವೆ, ಬಣ್ಣದ ದೀಪ, ಸಿಮೆಂಟಿನ ರಾಣಿ, ಸೆಲ್ಫಿ ಪಾಯಿಂಟ್ ಯಾವುದೂ ಬೇಡ. ಸಿಂಗಳೀಕಗಳ ಕಾಡು ಅದು. ದಿನಕ್ಕೆ ಇಷ್ಟೇ ಜನ ಎಂದು ಮೊದಲೇ ಗೊತ್ತು ಮಾಡಿ. ಉಳಿದವರಿಗೆ ಕಾಸರಕೋಡಿನ ತೀರ ಇದ್ದೇ ಇದೆ.

ಶಾಲಾ ಪ್ರವಾಸಗಳ ವಿಷಯ ಹೇಳದೆ ಇರಲಾರೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಜೀವರಕ್ಷಕರು, ಎಚ್ಚರಿಕೆಯ ಬಾವುಟ ಎಲ್ಲವೂ ಬೇಕು, ಅದರಲ್ಲಿ ರಾಜಿ ಬೇಡ. ಆದರೆ ಬಯಲುಸೀಮೆಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬರುವ ಮಕ್ಕಳಿಗೆ ಕರಾವಳಿ ಅಂದರೆ ಅಲೆ ಮಾತ್ರ ಎಂದು ತೋರಿಸಿದವರು ನಾವೇ. ಅವರಿಗೆ ದೋಣಿಯೂ ಬೇಡ, ರಸ್ತೆ ಸಾಕು. ಪ್ರವಾಸದ ಪಟ್ಟಿಯಲ್ಲಿ ಗೇರುಸೊಪ್ಪೆಗೆ ಎರಡು ಗಂಟೆ ಕೊಡುವಂತೆ ಶಿಕ್ಷಣ ಇಲಾಖೆಗೆ ತಾವೊಂದು ಪತ್ರ ಬರೆದರೆ ಆಗುತ್ತದೆ.

ಮಳೆ ನಿಂತು ನದಿ ತಿಳಿಯಾದ ಮೇಲೆ ಪ್ರವಾಸದ ಹಂಗಾಮು ಶುರುವಾಗುತ್ತದೆ. ಅಷ್ಟರೊಳಗೆ ಒಂದು ದೋಣಿ, ಒಂದು ಫಲಕ, ನಾಲ್ಕಾರು ಮಾರ್ಗದರ್ಶಿಗಳು: ಇಷ್ಟಕ್ಕೆ ಆದೇಶ ಹೊರಡಿಸಿ ಎಂದು ಕೇಳಿಕೊಳ್ಳುತ್ತೇನೆ.

ಇತಿ,
ಶರಾವತಿ ದಂಡೆಯ ಒಬ್ಬ ನಿವಾಸಿ