ಅಣುಸ್ಥಾವರದಲ್ಲಿ ಕಾಗದ ಬರೆಯುವ ಕೂಲಿ



ನಮ್ಮ ಲಯಿನುಮನೆಗಳ ಮಕ್ಕಳು ಈಗ ಐ.ಟಿ.ಐ., ಡಿಪ್ಲೊಮಾ, ಡಿಗ್ರಿ ಎಂದು ಓದಿ ಮುಂದೆ ಬಂದಿದ್ದಾರೆ. ಅವರು ಹೋಗಬಹುದಾದ ಕೆಲಸಗಳಲ್ಲಿ ಒಂದರ ಹೆಸರನ್ನು ಮನೆಯ ಹಿರಿಯರು ಬಹುಶಃ ಕೇಳಿರಲಾರರು. ಅದು ಟೆಕ್ನಿಕಲ್ ರೈಟರ್ ಎಂಬ ಕೆಲಸ. ಯಂತ್ರವನ್ನು ನಡೆಸುವ, ಬಿಚ್ಚುವ, ಜೋಡಿಸುವ, ಅಪಾಯ ಬಂದಾಗ ನಿಲ್ಲಿಸುವ ಕ್ರಮವನ್ನು ಹಂತ ಹಂತವಾಗಿ ಕಾಗದದಲ್ಲಿ ಬರೆದುಕೊಡುವವನು ಅವನು. ಅಣುವಿದ್ಯುತ್ ಸ್ಥಾವರದಲ್ಲಿ ಮುಖ್ಯವಾದ ಯಾವ ಕೆಲಸವನ್ನೂ ಬಾಯಿಮಾತಿನ ಮೇಲೆ ಮಾಡುವಂತಿಲ್ಲ. ಕಾಗದ ಮುಂದಿರಬೇಕು, ಹಂತಕ್ಕೊಂದು ಗುರುತು ಹಾಕಬೇಕು. ಅಮೆರಿಕದಂಥ ದೇಶಗಳಲ್ಲಿ ಈ ಬರೆಯುವವರಲ್ಲಿ ಅನೇಕರು ಗುತ್ತಿಗೆಯವರು. ಆರು ತಿಂಗಳಿಗೋ ವರ್ಷಕ್ಕೋ ಬಂದು, ಬರೆದು, ಇನ್ನೊಂದು ಸ್ಥಾವರಕ್ಕೆ ಹೋಗುವವರು. ಅವರ ವಿಷಯವಾಗಿ ನಾವು ಈ ಸಲ ನಾಲ್ಕು ಮಾತು ಬರೆಯುತ್ತೇವೆ.

ತೋಟದವರಿಗೆ ಅಣುವಿನ ಗೊಡವೆ ಯಾಕೆ ಎಂದು ಕೆಲವರು ಕೇಳಿಯಾರು. ನಮ್ಮದೇ ಕರಾವಳಿಯ ಉತ್ತರದಲ್ಲಿ, ಕಾರವಾರ ತಾಲೂಕಿನ ಕಾಳಿ ನದಿಯ ದಡದಲ್ಲಿ, ಕೈಗಾ ಇದೆ. ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು. ಮೊದಲಿನ ಎರಡು 2000ದಲ್ಲಿ, ಕೊನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದವು. ಮಧೂರಿನಿಂದ ದಕ್ಷಿಣಕ್ಕೆ, ನಮ್ಮ ಕಾಸರಗೋಡು ಜಿಲ್ಲೆಯೊಳಗೇ ಇರುವ ಚೀಮೇನಿಯ ಹೆಸರು, ಕೇರಳದಲ್ಲಿ ಅಣುಸ್ಥಾವರ ಕಟ್ಟಬಹುದಾದ ಜಾಗವೆಂದು 2024ರಲ್ಲಿ ಚರ್ಚೆಗೆ ಬಂತು. 2025ರ ಡಿಸೆಂಬರಿನಲ್ಲಿ ಸಂಸತ್ತು ಈ ಉದ್ಯಮದ ಬಾಗಿಲನ್ನು ಖಾಸಗಿ ಕಂಪೆನಿಗಳಿಗೂ ತೆರೆಯುವ ಕಾನೂನನ್ನು ಅಂಗೀಕರಿಸಿತು. ಸ್ಥಾವರ ಬರಬೇಕೇ ಬಾರದೇ ಎಂಬ ವಾದ ಬೇರೆ. ಅದನ್ನು ಇನ್ನೊಮ್ಮೆ ಎತ್ತೋಣ. ಕಂಪೆನಿ ಹೆಚ್ಚಿದಲ್ಲಿ ಗುತ್ತಿಗೆಯೂ ಹೆಚ್ಚುವುದೆಂಬುದನ್ನು ಮಾತ್ರ ತೋಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕ್ರಮ ಬರೆಯುವುದು ಎಂದರೇನೆಂದು ತಿಳಿಯಲು ಅಣುವಿನ ತನಕ ಹೋಗುವುದು ಬೇಡ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದನ್ನು ನೆನೆಯಿರಿ. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ತಿರುಗುಮುರುಗಾದರೆ ಮದ್ದು ಕೆಡುತ್ತದೆ. ಆಮೇಲೆ ಹೊಳೆಯುವ ಚೂರಿ ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಕಬ್ಬಿಣದ ಪಾತ್ರೆ ಕೂಡದು. ಅಕ್ಷರ ಬಾರದ ಅಜ್ಜನೂ ಇದನ್ನು ಬಲ್ಲ. ಆದರೆ ಇದನ್ನೇ ಹೊಸ ಆಳೊಬ್ಬನಿಗೆ ಕಾಗದದಲ್ಲಿ ಬರೆದುಕೊಟ್ಟು ನೋಡಿ. ಕಬ್ಬಿಣದ ಪಾತ್ರೆ ಕೂಡದೆಂಬ ಮಾತನ್ನು ನಾವು ಇಲ್ಲಿ ಬರೆದ ಹಾಗೆ ಕೊನೆಗೆ ಬರೆದರೆ, ಅವನು ಅದನ್ನು ಓದುವಷ್ಟರಲ್ಲಿ ಪಾತ್ರೆ ತುಂಬಿರುತ್ತದೆ. "ಸ್ವಲ್ಪ ಸುಣ್ಣ" ಎಂದು ಬರೆದರೆ ಒಬ್ಬೊಬ್ಬನ ಸ್ವಲ್ಪ ಒಂದೊಂದು. ಒಂದು ಸಾಲಿಗೆ ಮೂರು ಕೆಲಸ ತುರುಕಿದರೆ ನಡುವಿನದು ಮರೆತುಹೋಗುತ್ತದೆ. ಎಚ್ಚರಿಕೆ ಮೊದಲು, ಕೆಲಸ ಆಮೇಲೆ, ಒಂದು ಹಂತಕ್ಕೆ ಒಂದೇ ಕೆಲಸ, ಅಳತೆಗೆ ಅಂಕಿ. ಅಣುಸ್ಥಾವರದ ಬರಹಗಾರನ ಮೊದಲ ಪಾಠಗಳೂ ಇವೇ. ಕೇಳಲು ಸುಲಭ. ಸಾವಿರಾರು ವಾಲ್ವುಗಳಿರುವ ಕಡೆ ಇವನ್ನು ತಪ್ಪದೆ ನಡೆಸುವುದು ಸುಲಭವಲ್ಲ.

ಈ ಪಾಠಗಳಿಗೆ ಬೆಲೆ ಬಂದದ್ದು ಒಂದು ಅವಘಡದ ನಂತರ. ಅಮೆರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ 1979ರ ಮಾರ್ಚ್ 28ರ ಬೆಳಗಿನ ಜಾವ ಒಂದು ವಾಲ್ವು ತೆರೆದೇ ಸಿಕ್ಕಿಕೊಂಡಿತು. ನಿಯಂತ್ರಣ ಕೋಣೆಯ ದೀಪವು ವಾಲ್ವಿಗೆ ಮುಚ್ಚುವ ಆಜ್ಞೆ ಹೋಗಿದೆಯೆಂದು ಮಾತ್ರ ತೋರಿಸುತ್ತಿತ್ತು. ಅದು ನಿಜವಾಗಿ ಮುಚ್ಚಿದೆಯೋ ಎಂಬುದನ್ನು ತೋರಿಸುತ್ತಿರಲಿಲ್ಲ. ಅಲ್ಲಿದ್ದವರು ಮುಚ್ಚಿದೆಯೆಂದೇ ನಂಬಿ, ಉಲೆಗೆ ಬೇಕಾಗಿದ್ದ ನೀರನ್ನು ತಾವೇ ಕಡಿಮೆ ಮಾಡಿದರು. ಇಂಧನದ ದೊಡ್ಡ ಪಾಲು ಕರಗಿತು. ಕಾರ್ಟರ್ ಅಧ್ಯಕ್ಷರು ನೇಮಿಸಿದ ಕೆಮೆನಿ ಆಯೋಗವು ಅದೇ ವರ್ಷದ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಕೆಲಸಗಾರರು ತಪ್ಪಿದರೆಂದು ಹೇಳಿ ಅದು ಸುಮ್ಮನಾಗಲಿಲ್ಲ. ಅವರಿಗೆ ಕೊಟ್ಟ ತರಬೇತಿ ಸಾಲದಾಗಿತ್ತು, ಅವರ ಮುಂದಿದ್ದ ಬರಹದ ಕ್ರಮಗಳೇ ಗೊಂದಲದವು, ಅವನ್ನು ಓದಿ ತಪ್ಪು ಮಾಡುವುದು ಸಹಜವಾಗಿತ್ತು ಎಂದಿತು. ಆಳಿನ ತಲೆಯ ಮೇಲೆ ಎಲ್ಲವನ್ನೂ ಹೊರಿಸದೆ ಕಾಗದವನ್ನೂ ಕಟಕಟೆಗೆ ಕರೆದದ್ದು ಆ ವರದಿಯ ದೊಡ್ಡತನವೆಂದು ನಾವು ಎಣಿಸುತ್ತೇವೆ.

1982ರಲ್ಲಿ ಅಲ್ಲಿನ ಅಣು ನಿಯಂತ್ರಣ ಆಯೋಗವು ತುರ್ತುಕ್ರಮಗಳನ್ನು ಹೇಗೆ ಬರೆಯಬೇಕೆಂದು ಮಾರ್ಗದರ್ಶಿಯನ್ನು ಹೊರಡಿಸಿತು. ಏನಾಗಿದೆಯೆಂದು ಹೆಸರಿಟ್ಟ ಮೇಲೆ ಕೆಲಸಕ್ಕೆ ತೊಡಗುವ ಹಳೆಯ ಪದ್ಧತಿ ಹೋಯಿತು. ಲಕ್ಷಣ ನೋಡಿ ಮೊದಲು ಉಲೆಯನ್ನು ತಣ್ಣಗಿಡುವ ಪದ್ಧತಿ ಬಂತು. ಮಗುವಿಗೆ ಜ್ವರ ಏರಿದಾಗ ಯಾವ ಜ್ವರವೆಂದು ತಿಳಿಯುವ ತನಕ ಕಾಯದೆ ತಾಯಿ ಹಣೆಗೆ ಒದ್ದೆ ಬಟ್ಟೆ ಇಡುತ್ತಾಳಲ್ಲ, ಹಾಗೆ. ಹಳೆಯ ಕಾಗದಗಳನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು, ಬರೆಯುವವರಿಗೆ ಬೇಡಿಕೆ ಹುಟ್ಟಿತು.

ಆದರೆ ಕಾಗದವು ಕಾಪಾಡುವ ಹಾಗೆಯೇ ಕೊಲ್ಲಲೂ ಬಲ್ಲದು. ಜಪಾನಿನ ತೊಕಾಯಿಮುರ ಎಂಬ ಊರಿನಲ್ಲಿ ಜೆ.ಸಿ.ಒ. ಎಂಬ ಕಂಪೆನಿ ಅಣುಇಂಧನಕ್ಕಾಗಿ ಯುರೇನಿಯಂ ಹದಮಾಡುತ್ತಿತ್ತು. ಸರಕಾರ ಒಪ್ಪಿಗೆ ಕೊಟ್ಟಿದ್ದ ಕ್ರಮ ನಿಧಾನದ್ದು. ಕೆಲಸ ಬೇಗ ಮುಗಿಯಲೆಂದು ಕಂಪೆನಿಯೊಳಗೆ ಬೇರೊಂದು ಕೈಪಿಡಿ ತಯಾರಾಯಿತು. ಯುರೇನಿಯಂ ಪುಡಿಯನ್ನು ಉಕ್ಕಿನ ಬಕೇಟಿನಲ್ಲಿ ಕರಗಿಸಬಹುದೆಂದು ಅದರಲ್ಲಿ ಬರೆಯಲಾಗಿತ್ತು. ಆಳುಗಳಿಗೆ ಬಕೇಟಿನ ಕೆಲಸವೇ ರೂಢಿಯಾಯಿತು. ರೂಢಿಯಾದ ಮೇಲೆ ಇನ್ನೊಂದು ಹೆಜ್ಜೆ ತಪ್ಪಲು ಎಷ್ಟು ಹೊತ್ತು? 1999ರ ಸೆಪ್ಟೆಂಬರ್ 30ರಂದು ಅವರು ಆ ಕೈಪಿಡಿಯನ್ನೂ ದಾಟಿ, ಬಕೇಟಿನಿಂದ ನೇರವಾಗಿ ಒಂದು ಅಗಲದ ತೊಟ್ಟಿಗೆ ಹೊಯ್ದರು. ಆ ತೊಟ್ಟಿಗೆ ಮಿತಿ 2.4 ಕಿಲೊ ಯುರೇನಿಯಂ. ಬಿದ್ದದ್ದು ಸುಮಾರು 16 ಕಿಲೊ. ನೀಲಿ ಬೆಳಕು ಮಿಂಚಿತು. ಹೊಯ್ಯುತ್ತಿದ್ದ ಇಬ್ಬರು ತಿಂಗಳುಗಟ್ಟಲೆ ನರಳಿ ತೀರಿಹೋದರು. ಅಷ್ಟು ಯುರೇನಿಯಂ ಒಂದೆಡೆ ಸೇರಿದರೆ ಏನಾಗುತ್ತದೆಂದು ಅವರಿಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. 2003ರಲ್ಲಿ ನ್ಯಾಯಾಲಯ ಕಂಪೆನಿಯ ಆರು ಮಂದಿಯನ್ನು ತಪ್ಪಿತಸ್ಥರೆಂದಿತು.

ಈ ಕತೆಯನ್ನು ಬರಹದ ಕೆಲಸಕ್ಕೆ ಹೊರಟ ಪ್ರತಿ ಹುಡುಗ ಹುಡುಗಿಗೂ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ಆ ಬಕೇಟಿನ ಸಾಲನ್ನು ಕಾಗದಕ್ಕೆ ಇಳಿಸಿದ್ದೂ ಒಬ್ಬ ಮನುಷ್ಯನ ಕೈ. ಬಕೇಟು ಹಿಡಿದವನಿಗೆ ಅದು ಮೇಲಿನವರು ಕೊಟ್ಟ ಅಪ್ಪಣೆ. ಅದು ಕಾನೂನಿಗೆ ವಿರುದ್ಧವೆಂದು ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಕೈಗಾದ ವಿಷಯಕ್ಕೆ ಬರುವುದಾದರೆ ಒಳ್ಳೆಯದನ್ನೂ ಹೇಳಬೇಕು. ಕಟ್ಟುವಾಗ, 1994ರ ಮೇ 13ರಂದು, ಒಂದನೆಯ ಘಟಕದ ಗುಮ್ಮಟದ ಒಳಮೈಯ ಕಾಂಕ್ರೀಟು ಕಳಚಿ ಬಿದ್ದು ಕೆಲಸದವರು ಗಾಯಗೊಂಡರು. ವಿನ್ಯಾಸ ಬದಲಿಸಿ ಮತ್ತೆ ಕಟ್ಟಬೇಕಾಯಿತು. ಅದೇ ಘಟಕ 2018ರ ಡಿಸೆಂಬರ್ 31ರ ತನಕ ನಿಲ್ಲದೆ 962 ದಿನ ನಡೆದು ಲೋಕದಾಖಲೆ ಮಾಡಿತು. ಬರೆದಿಟ್ಟ ಕ್ರಮವನ್ನು ಪಾಲಿಸುವ ಕೈಗಳಿಲ್ಲದೆ ಹಾಗೆ ನಡೆಯಲಾರದು. 2009ರ ನವೆಂಬರಿನಲ್ಲಿ ಅಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲವನ್ನು ಸೇರಿಸಿದರು. ಸುಮಾರು 55 ಮಂದಿ ಅದನ್ನು ಕುಡಿದರು. ಸಂಗತಿ ಹೊರಬಿದ್ದದ್ದು ಹೇಗೆ? ಕೆಲಸಗಾರರ ಮೂತ್ರವನ್ನು ಆಗಾಗ ಪರೀಕ್ಷಿಸಬೇಕೆಂಬ ನಿಯಮದಿಂದ. ಆ ಪರೀಕ್ಷೆಯನ್ನು ಬೇಸರದ ಕೆಲಸವೆಂದು ಬಿಟ್ಟಿದ್ದರೆ ಇನ್ನೆಷ್ಟು ದಿನ ಕುಡಿಯುತ್ತಿದ್ದರೋ. ಟ್ರಿಟಿಯಂ ನೀರಿನೊಂದಿಗೇ ದೇಹದಿಂದ ಹೊರಗೆ ಹೋಗುತ್ತದೆ, ಸುಮಾರು ಹತ್ತು ದಿನಕ್ಕೆ ಅರ್ಧದಷ್ಟಾಗುತ್ತದೆ. ಆದಕಾರಣ ಬೇಗ ತಿಳಿದಷ್ಟೂ ಒಳ್ಳೆಯದು.

ಇನ್ನು ಗುತ್ತಿಗೆಯ ಮಾತು. ಸ್ಥಾವರವನ್ನು ದುರಸ್ತಿಗೆ ನಿಲ್ಲಿಸಿದರೆ ಪ್ರತಿ ದಿನವೂ ನಷ್ಟ. ಕಾಗದ ಇಂದೇ ಬೇಕು ಎಂಬ ಅವಸರ. ಬರಹಗಾರ ಕೆಳಗಿಳಿದು ಪಂಪಿನ ಹತ್ತಿರ ಹೋದರೆ ಅಲ್ಲಿನ ಫಿಟ್ಟರನು, "ನೀವು ಬರೆದ ಹಾಗೆ ಸ್ಪ್ಯಾನರು ಇಲ್ಲಿ ತಿರುಗುವುದಿಲ್ಲ" ಎನ್ನುತ್ತಾನೆ. ಕಾಯಂ ಕೆಲಸದವನಾದರೆ ಮೇಲೆ ಹೋಗಿ ಆ ಮಾತು ಹೇಳಿಯಾನು. ಮುಂದಿನ ತಿಂಗಳು ಗುತ್ತಿಗೆ ಮುಗಿಯುವವನು, ಅದನ್ನು ಮುಂದುವರಿಸುವುದು ಅದೇ ಮೇಲಿನವರ ಕೈಯಲ್ಲಿರುವವನು, ಎರಡು ಸಲ ಯೋಚಿಸುತ್ತಾನೆ. ಅವನನ್ನು ಹೇಡಿಯೆನ್ನಲು ನಮಗೆ ಮನಸ್ಸಿಲ್ಲ. ಮನೆಯಲ್ಲಿ ಒಲೆ ಉರಿಯಬೇಕಲ್ಲ. ಇದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ವರ್ಷದ ಮೇಲೆ ಆ ಕಾಗದದ ತಪ್ಪು ಕಾಣುವಾಗ ಬರೆದವನು ಬೇರೊಂದೂರಿನಲ್ಲಿ ಬೇರೊಂದು ಕಾಗದ ಬರೆಯುತ್ತಿರುತ್ತಾನೆ. ತಪ್ಪಿನ ಸುದ್ದಿ ಅವನನ್ನು ತಲುಪುವುದೇ ಇಲ್ಲ. ತಾನು ನೆಟ್ಟ ಗಿಡದ ಫಲ ಕಾಣದವನು ನೆಡುವುದನ್ನು ಹೇಗೆ ಕಲಿತಾನು? ಬರೆಯುವ ಕೆಲಸವನ್ನು ಕಾಯಂ ಮಾಡಬೇಕೆಂದು ನಾವು ಹೇಳುವುದು ಬರೀ ಸಂಬಳದ ಮಾತಲ್ಲ.

ಮತ್ತು ಕಾಗದ ಯಾರ ಭಾಷೆಯಲ್ಲಿ? ಇದನ್ನು ಕೇಳುವ ಹಕ್ಕು ಕಾಸರಗೋಡಿನವರಿಗಿಂತ ಹೆಚ್ಚಾಗಿ ಯಾರಿಗಿದೆ? ನಮ್ಮ ಜಿಲ್ಲೆಯಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕ್ರಮ ಬರೆದಿರಲಿಲ್ಲವೆಂದಲ್ಲ. ಮರಗಳ ತುದಿಯಿಂದ ಎರಡು ಮೂರು ಮೀಟರಿಗಿಂತ ಮೇಲೆ ಹಾರಬಾರದೆಂದಿತ್ತು, ನೀರಿನ ತಾಣಗಳನ್ನು ಮುಚ್ಚಬೇಕೆಂದಿತ್ತು. ಗುಡ್ಡ ಕಣಿವೆಗಳ ಈ ನಾಡಿನಲ್ಲಿ ಹೆಲಿಕಾಪ್ಟರು ಮರದ ತುದಿಯನ್ನು ಅನುಸರಿಸಿ ಏರಿ ಇಳಿದೀತೇ? ಬಾವಿಗೆ ತಟ್ಟಿ ಮುಚ್ಚಬಹುದು. ಗುಡ್ಡದಿಂದ ನೀರು ಹರಿದುಬರುವ ಸುರಂಗಕ್ಕೆ, ತೋಡಿಗೆ, ಹಸು ಮೇಯುವ ಹುಲ್ಲಿಗೆ ಏನು ಮುಚ್ಚುವುದು? ಬರೆದವರು ಎಣ್ಮಕಜೆಯ ಪಡ್ರೆಯನ್ನು ನೋಡಿ ಬರೆದಿರಲಿಲ್ಲ. ಡಬ್ಬದ ಮೇಲಿನ ಬಣ್ಣದ ತ್ರಿಕೋನದ ಅರ್ಥ ಅದನ್ನು ಹೊತ್ತ ಎಷ್ಟು ಮಂದಿ ಆಳುಗಳಿಗೆ ಗೊತ್ತಿತ್ತು? ಕನ್ನಡ, ತುಳು, ಮಲಯಾಳ, ಮರಾಠಿ ಆಡುವ ಮನೆಗಳ ಜನ ಅವರು. ಸುಪ್ರೀಮ್ ಕೋರ್ಟು ಆ ವಿಷವನ್ನು ತಡೆದದ್ದು 2011ರ ಮೇ 13ರಂದು. ಬಾಧಿತರಿಗೆ ಐದು ಲಕ್ಷ ರೂಪಾಯಿ ಕೊಡಬೇಕೆಂದದ್ದು 2017ರ ಜನವರಿಯಲ್ಲಿ. ಬಾಧಿತ ಪಂಚಾಯತುಗಳ ಪಟ್ಟಿಯಲ್ಲಿ ಮಧೂರಿನ ನೆರೆಯ ಬದಿಯಡ್ಕವಿದೆ. ಕಯ್ಯೂರು-ಚೀಮೇನಿಯೂ ಇದೆ. ಅದೇ ಚೀಮೇನಿ.

ಆದುದರಿಂದ ಆ ಊರಿಗೆ ಅಣುಸ್ಥಾವರದ ಮಾತು ಮತ್ತೆ ಬಂದರೆ, ಎಷ್ಟು ಮೆಗಾವಾಟು, ಎಷ್ಟು ಕೆಲಸ ಎಂದು ಕೇಳುವುದರ ಜೊತೆಗೆ ಇನ್ನೂ ಒಂದನ್ನು ಕೇಳಬೇಕಾಗಿದೆ: ಕೆಲಸದ ಕಾಗದವನ್ನು ಯಾರು ಬರೆಯುತ್ತಾರೆ, ಮಾಡುವವನು ಅದನ್ನು ಓದಿ "ಇದು ಹೀಗಲ್ಲ" ಎಂದು ಹಿಂದಕ್ಕೆ ಕಳಿಸಿದರೆ ಅವನ ಮಸ್ಟರ್ ರೋಲಿನ ಹೆಸರು ಉಳಿಯುತ್ತದೆಯೇ?

ಇಂಥ ಕೆಲಸಕ್ಕೆ ಹೋಗಬೇಡಿ ಎಂದು ನಾವು ಮಕ್ಕಳಿಗೆ ಹೇಳುವುದಿಲ್ಲ. ಹೋಗಲಿ. ತೋಟದಲ್ಲಿ ಹುಟ್ಟಿದವನಿಗೆ ಕಾಗದದ ಸಾಲಿನ ಆಚೆ ಕೈಯೊಂದಿದೆ ಎಂಬ ಅರಿವು ಹುಟ್ಟಿನಿಂದಲೇ ಬಂದಿರುತ್ತದೆ; ಅಂಥವನು ಬರೆದರೆ ಒಳ್ಳೆಯದೇ. ಹೋಗುವ ಮೊದಲು ನೇಮಕಪತ್ರ ಕೈಗೆ ಬರಲಿ. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ವೃತ್ತಿ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ನೇಮಕಪತ್ರ ಕೊಡಲೇಬೇಕೆಂದು ಅದು ಹೇಳುತ್ತದೆ, ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲಿಕನೇ ಕೊಡಬೇಕೆಂಬುದನ್ನೂ ಉಳಿಸಿಕೊಂಡಿದೆ. ಆದರೆ ಹಿಂದೆ 20 ಜನರಿದ್ದಲ್ಲಿ ಅನ್ವಯಿಸುತ್ತಿದ್ದ ಗುತ್ತಿಗೆಯ ನಿಯಮಗಳು ಈಗ 50 ಜನರಿದ್ದಲ್ಲಿ ಮಾತ್ರ ಎಂಬುದನ್ನು ನೋಡಿಕೊಳ್ಳಿರಿ. ಸಣ್ಣ ಗುತ್ತಿಗೆದಾರನ ಕೈಕೆಳಗೆ ಸೇರುವವರು ಇದನ್ನು ಮೊದಲೇ ವಿಚಾರಿಸಬೇಕು.

ಬರೆಯುವವನಿಗೆ ವಿಕಿರಣದ ಭಯವಿಲ್ಲ, ಅವನು ಮೇಜಿನ ಮುಂದೆ ಕುಳಿತವನು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಯಂತ್ರದ ಹತ್ತಿರ ಹೋಗಿ ನೋಡದೆ ಬರೆದದ್ದು ಬರಹವಲ್ಲ. ಹೋದ ಮೇಲೆ ಎದೆಗೆ ಬ್ಯಾಡ್ಜು ಬೇಕು, ಬ್ಯಾಡ್ಜಿನ ಲೆಕ್ಕ ಬೇಕು. ನಮ್ಮ ದೇಶದ ನಿಯಮದಲ್ಲಿ ವಿಕಿರಣದ ಕೆಲಸದವರಿಗೆ ಒಂದು ವರ್ಷಕ್ಕೆ ಮಿತಿ 30 ಮಿಲಿಸೀವರ್ಟ್, ಐದು ವರ್ಷದ ಸರಾಸರಿ ವರ್ಷಕ್ಕೆ 20. ಒಂದು ಗುತ್ತಿಗೆ ಮುಗಿಸಿ ಇನ್ನೊಂದಕ್ಕೆ ಹೋಗುವವನ ಲೆಕ್ಕ ಅವನ ಹಿಂದೆಯೇ ಹೋಗಬೇಕು. ಕೊನೆಯ ದಿನ ಸಂಬಳದ ಚೀಟಿಯೊಂದಿಗೆ ಆ ಲೆಕ್ಕದ ಪ್ರತಿಯನ್ನೂ ಕೇಳಿ ಪಡೆದು, ರೇಷನ್ ಕಾರ್ಡು ಇಡುವ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡಿರಿ.