ನಾಯಿಯ ಕಜ್ಜಿಗೆ ರೊಟ್ಟಿ ಕಾರಣವೇ? ಸುಟ್ಟ ಆಯಿಲ್ ಹಚ್ಚಿದರೆ ವಾಸಿಯಾಗುತ್ತದೆಯೇ?

ನಾಯಿ ಸಾಕಿದವರ ಮೊಬೈಲಿಗೆ ಒಂದಲ್ಲ ಒಂದು ದಿನ ಬಂದೇ ಬರುವ ಸಲಹೆಗಳು ಕೆಲವಿವೆ. ರೊಟ್ಟಿ, ಅನ್ನ ಹಾಕಿದರೆ ನಾಯಿಗೆ ಉಷ್ಣವಾಗಿ ಮೈ ಕೆರೆತ ಬರುತ್ತದೆ, ಹಸಿ ಮಾಂಸವನ್ನೇ ಹಾಕಿ. ಕೂದಲು ಉದುರಿದ ಜಾಗಕ್ಕೆ ಗ್ಯಾರೇಜಿನ ಸುಟ್ಟ ಆಯಿಲ್ ಹಚ್ಚಿ. ಹೊಟ್ಟೆಹುಳಕ್ಕೆ ಬೆಳ್ಳುಳ್ಳಿ ಕೊಡಿ. ವಾಸನೆ ಬಂದರೆ ದಿನಾ ಶಾಂಪೂ ಹಾಕಿ ತೊಳೆಯಿರಿ. ಇವುಗಳಲ್ಲಿ ಒಂದಿಷ್ಟು ನಿಜವಿದೆ, ಬಹಳಷ್ಟು ತಪ್ಪಿದೆ, ಒಂದೆರಡಂತೂ ನಾಯಿಯ ಜೀವಕ್ಕೇ ಕುತ್ತು ತರುವಂಥವು.

ಮೊದಲು ರೊಟ್ಟಿಯ ಮಾತು. ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿ ಕಾಪಾಡಿಕೊಂಡು ಬರುತ್ತಿರುವುದು ಮುಧೋಳ ನಾಯಿಯನ್ನು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, 2016ರಲ್ಲಿ ಸೇನೆಯ ತರಬೇತಿಗೆಂದು ಮೀರತ್‌ಗೆ ಹೋದ ತಳಿ ಇದು. ಸುತ್ತಲಿನ ಊರುಗಳಲ್ಲಿ ಈ ನಾಯಿಗಳು ಬೆಳೆದದ್ದು ಹೆಚ್ಚಾಗಿ ಮನೆಯ ಜೋಳದ ರೊಟ್ಟಿ, ಹಾಲು, ಆಗೊಮ್ಮೆ ಈಗೊಮ್ಮೆ ಮೊಟ್ಟೆ ತಿಂದು. ರೊಟ್ಟಿಯಿಂದಲೇ ಕಜ್ಜಿ ಬರುವುದಾಗಿದ್ದರೆ ಇಷ್ಟು ಹೊತ್ತಿಗೆ ಈ ತಳಿಯೇ ಬೋಳಾಗಬೇಕಿತ್ತು.

ವಿಜ್ಞಾನವೂ ಇದನ್ನೇ ಹೇಳುತ್ತದೆ. ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ, ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುತ್ತದೆ ಎಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಮನುಷ್ಯನ ಜೊತೆ ಬದುಕುತ್ತ ಬದುಕುತ್ತ ನಾಯಿಯ ಹೊಟ್ಟೆ ಕಾಳುಕಡಿಗೆ ಒಗ್ಗಿಕೊಂಡಿದೆ. ‘ನಾಯಿ ಅಂದರೆ ತೋಳ, ಹಸಿ ಮಾಂಸವೇ ಅದರ ಊಟ’ ಎನ್ನುವ ಸಂದೇಶಕ್ಕೆ ಇಷ್ಟು ಉತ್ತರ ಸಾಕು. ಹಸಿ ಮಾಂಸದ ಇನ್ನೊಂದು ಅಪಾಯವನ್ನೂ ಹೇಳಬೇಕು. ಕುರಿ ಕೊಯ್ದಾಗ ಉಳಿದ ಹಸಿ ಯಕೃತ್ತು, ಪುಪ್ಪುಸವನ್ನು ನಾಯಿಗೆ ಎಸೆಯುವ ರೂಢಿ ಹಲವು ಕಡೆ ಇದೆ. ಅದರಲ್ಲಿ ಹೈಡಾಟಿಡ್ ಗಂಟುಗಳಿದ್ದರೆ ನಾಯಿಯ ಕರುಳಿನಲ್ಲಿ ಲಾಡಿಹುಳ ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ನಮ್ಮ ಕೈಗೆ, ಬಾಯಿಗೆ ಬಂದರೆ ನಮ್ಮ ಯಕೃತ್ತಿನಲ್ಲೇ ಅಂಥ ಗಂಟು ಬೆಳೆಯಬಹುದು. ಮಾಂಸ ಹಾಕುವುದಾದರೆ ಬೇಯಿಸಿ ಹಾಕಿ.

ಹಾಗೆಂದು ರೊಟ್ಟಿ-ಹಾಲು ಪೂರ್ತಿ ಊಟವೇ? ಅಲ್ಲ. ಊಟಕ್ಕೂ ಚರ್ಮಕ್ಕೂ ನಿಜವಾದ ನಂಟು ಇರುವುದು ಇಲ್ಲೇ, ಆದರೆ ಫಾರ್ವರ್ಡ್ ಸಂದೇಶ ಹೇಳುವ ರೀತಿಯಲ್ಲಲ್ಲ. ಜೋಳ, ಗೋಧಿಯಲ್ಲಿ ಫೈಟೇಟ್ ಎಂಬ ಅಂಶವಿದೆ. ಅದು ಆಹಾರದಲ್ಲಿನ ಸತುವನ್ನು ಹಿಡಿದಿಟ್ಟುಕೊಂಡು ಕರುಳು ಹೀರದಂತೆ ಮಾಡುತ್ತದೆ. ಬೆಳೆಯುವ ಮರಿಗೆ ಬರೀ ರೊಟ್ಟಿ ಹಾಕಿ, ಮೇಲೆ ‘ಮೂಳೆ ಗಟ್ಟಿಯಾಗಲಿ’ ಎಂದು ಕ್ಯಾಲ್ಸಿಯಂ ಪುಡಿಯನ್ನೂ ಸುರಿದರೆ ಸತುವಿನ ಕೊರತೆ ಇನ್ನೂ ಹೆಚ್ಚುತ್ತದೆ. ಆಗ ಕಣ್ಣು, ಬಾಯಿಯ ಸುತ್ತ, ಅಂಗಾಲಿನ ಮೇಲೆ ದಪ್ಪ ಹಕ್ಕಳೆ ಕಟ್ಟುತ್ತದೆ. ನೋಡಿದವರು ಕಜ್ಜಿ ಎಂದುಕೊಂಡು ಎಣ್ಣೆ ಹಚ್ಚುತ್ತಾರೆ. ಬೇಕಾಗಿರುವುದು ಬೇಯಿಸಿದ ಮೊಟ್ಟೆ, ಮಾಂಸ, ಮತ್ತು ವೈದ್ಯರು ಹೇಳಿದರೆ ಸತುವಿನ ಮಾತ್ರೆ.

ಇನ್ನೊಂದು ಕೊರತೆ ಕೊಬ್ಬಿನದು. ಲಿನೋಲಿಕ್ ಆಮ್ಲ ಸಾಲದಿದ್ದರೆ ನಾಯಿಯ ಕೂದಲು ಹೊಳಪು ಕಳೆದುಕೊಂಡು, ಚರ್ಮ ಒಣಗಿ ಹೊಟ್ಟು ಏಳುತ್ತದೆ. ಉತ್ತರ ಕರ್ನಾಟಕದವರಿಗೆ ಇದಕ್ಕೆ ದೂರ ಹೋಗಬೇಕಿಲ್ಲ. ಕುಸುಬಿ ಎಣ್ಣೆಯಲ್ಲಿ ಈ ಆಮ್ಲದ ಪಾಲು ಸುಮಾರು ಮುಕ್ಕಾಲು ಭಾಗ. ದೊಡ್ಡ ನಾಯಿಗೆ ಊಟದಲ್ಲಿ ದಿನಕ್ಕೆ ಒಂದು ಚಮಚ ಬೆರೆಸಿದರೆ ಒಂದೆರಡು ತಿಂಗಳಲ್ಲಿ ವ್ಯತ್ಯಾಸ ಕಾಣಬಹುದು. ಒಳ್ಳೆಯದೆಂದು ಲೋಟಗಟ್ಟಲೆ ಹಾಕಿದರೆ ಮಾತ್ರ ಭೇದಿ ಗ್ಯಾರಂಟಿ. ಮುಧೋಳ ನಾಯಿಯ ಪಕ್ಕೆಲುಬು ಕಾಣುತ್ತದೆಂದು ತುಪ್ಪ ತಿನ್ನಿಸುವವರೂ ಇದ್ದಾರೆ. ಓಡುವ ತಳಿಯ ಮೈಕಟ್ಟೇ ಹಾಗೆ, ಅದು ಬಡಕಲಲ್ಲ.

ಆಹಾರದ ಅಲರ್ಜಿ ಎಂಬುದೂ ಇದೆ. ಕೆರೆತದ ಕಾರಣಗಳಲ್ಲಿ ಅದರ ಪಾಲು ಕಡಿಮೆ, ಅಷ್ಟೆ. ಅಲರ್ಜಿ ತರುವವುಗಳಲ್ಲಿ ಮುಂದೆ ನಿಲ್ಲುವುದು ದನದ ಮಾಂಸ, ಹಾಲು, ಕೋಳಿ. ಗೋಧಿ ಅದರ ನಂತರ. ಪತ್ತೆ ಹಚ್ಚಲು ನಾಯಿ ಹಿಂದೆಂದೂ ತಿನ್ನದ ಒಂದೆರಡು ಪದಾರ್ಥ ಮಾತ್ರ ಹಾಕುತ್ತ ಎಂಟು ವಾರ ಕಾಯಬೇಕು. ನಡುವೆ ಒಂದು ಬಿಸ್ಕತ್ತು ಕೊಟ್ಟರೂ ಲೆಕ್ಕ ಕೆಟ್ಟಿತು. ನಾಲ್ಕು ದಿನ ರೊಟ್ಟಿ ನಿಲ್ಲಿಸಿ ‘ಕೆರೆತ ಕಡಿಮೆಯಾಯಿತು’ ಎಂದರೆ ಏನೂ ಸಾಬೀತಾಗುವುದಿಲ್ಲ.

ಇನ್ನು ಸುಟ್ಟ ಆಯಿಲ್. ಇದನ್ನು ನಂಬುವವರು ಸುಮ್ಮನೆ ನಂಬಿದ್ದಲ್ಲ, ‘ನಮ್ಮ ನಾಯಿಗೆ ವಾಸಿಯಾಯಿತು’ ಎಂದು ಕಣ್ಣಾರೆ ಕಂಡವರಿದ್ದಾರೆ. ಏಕೆ ಹಾಗೆ? ಮರಿಗಳ ಮುಖ, ಮುಂಗಾಲಿನ ಮೇಲೆ ನಾಣ್ಯದಗಲ ಕೂದಲು ಉದುರುವುದಕ್ಕೆ ಸಾಮಾನ್ಯ ಕಾರಣ ಡೆಮೊಡೆಕ್ಸ್ ಎಂಬ ನುಸಿ. ಕೂದಲಿನ ಬುಡದಲ್ಲಿ ಇರುವ ಈ ನುಸಿಯಿಂದಾದ ಸಣ್ಣ ಮಚ್ಚೆಗಳು ಹೆಚ್ಚಿನ ಮರಿಗಳಲ್ಲಿ ಒಂದೆರಡು ತಿಂಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಆ ಹೊತ್ತಿನಲ್ಲಿ ಆಯಿಲ್ ಹಚ್ಚಿದವರು ಆಯಿಲ್ ಎನ್ನುತ್ತಾರೆ, ಬೇವು ಹಚ್ಚಿದವರು ಬೇವು ಎನ್ನುತ್ತಾರೆ, ಹರಕೆ ಹೊತ್ತವರು ದೇವರು ಎನ್ನುತ್ತಾರೆ. ಏನೂ ಮಾಡದವರ ಮರಿಯೂ ವಾಸಿಯಾಗಿರುತ್ತದೆ, ಅವರು ಮಾತ್ರ ಮೆಸೇಜ್ ಕಳಿಸುವುದಿಲ್ಲ.

ಆದರೆ ಎಂಜಿನ್‌ನಲ್ಲಿ ಸುಟ್ಟ ಆಯಿಲ್‌ನಲ್ಲಿ ಲೋಹದ ಕಣಗಳು, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳು ಇರುತ್ತವೆ. ನಾಯಿಯ ಚರ್ಮ ನಮ್ಮದಕ್ಕಿಂತ ತೆಳು. ಹಚ್ಚಿದ್ದನ್ನೆಲ್ಲ ಅದು ನೆಕ್ಕುತ್ತದೆ, ನೆಕ್ಕಿದ್ದು ಹೊಟ್ಟೆಗೆ ಹೋಗುತ್ತದೆ, ಕಕ್ಕಿದರೆ ಪುಪ್ಪುಸಕ್ಕೂ ಇಳಿಯಬಹುದು. ಸೀಮೆಎಣ್ಣೆಯದೂ ಇದೇ ಕಥೆ. ಬೇವಿನೆಣ್ಣೆ, ಅರಿಸಿನ ಇಷ್ಟು ಕೆಟ್ಟವಲ್ಲ, ಮೇಲ್ಮೈಯ ಸಣ್ಣ ಸೋಂಕಿಗೆ ಸ್ವಲ್ಪ ಉಪಯೋಗವಾಗಬಹುದು. ಆದರೆ ಮೈಯೆಲ್ಲ ಹಬ್ಬಿದ ನುಸಿಯನ್ನು ಅವು ಕೊಲ್ಲಲಾರವು. ಕಿವಿಯ ಅಂಚು, ಮೊಣಕೈಯಿಂದ ಶುರುವಾಗಿ ರಾತ್ರಿಯಿಡೀ ಕೆರೆಸುವ ಇನ್ನೊಂದು ಬಗೆಯ ಕಜ್ಜಿ ಮನೆಯವರ ಮೈಗೂ ತುರಿಕೆ ತರುತ್ತದೆ. ಇವೆರಡಕ್ಕೂ ಈಗ ಫ್ಲೂರಲನರ್, ಅಫಾಕ್ಸೊಲನರ್‌ನಂಥ ಮಾತ್ರೆಗಳಿವೆ. ಕೆಲವು ನಾಯಿಗಳಿಗೆ ಇವುಗಳಿಂದ ಫಿಟ್ಸ್ ಬರಬಹುದೆಂದು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಸಿದೆ. ಹಾಗಾಗಿ ಅಂಗಡಿಯಿಂದ ನೀವೇ ತಂದು ನುಂಗಿಸಬೇಡಿ. ವೈದ್ಯರು ಬ್ಲೇಡಿನಿಂದ ಚರ್ಮ ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಸಿ ಯಾವುದೆಂದು ಹೆಚ್ಚಾಗಿ ಅಲ್ಲೇ ತಿಳಿಯುತ್ತದೆ.

ವಾಸನೆ ರೋಗವಲ್ಲ, ಸುಳಿವು. ಕಿವಿ ಎತ್ತಿ ಮೂಸಿ ನೋಡಿ: ಹುಳಿ ವಾಸನೆ, ಕಂದು ಕೊಳೆ ಇದ್ದರೆ ಯೀಸ್ಟ್ ಸೋಂಕು. ಬಾಯಿಂದ ಬಂದರೆ ಹಲ್ಲು, ವಸಡು. ಮೀನಿನಂಥ ವಾಸನೆ ಬಂದು ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಿದ್ದರೆ ಗುದದ ಪಕ್ಕದ ಎರಡು ಪುಟ್ಟ ಚೀಲ ತುಂಬಿಕೊಂಡಿರುತ್ತವೆ. ಇವು ಯಾವುದಕ್ಕೂ ಶಾಂಪೂ ಉತ್ತರವಲ್ಲ. ನಮ್ಮ ಚರ್ಮ ತುಸು ಆಮ್ಲೀಯ, ನಾಯಿಯದು ಅಷ್ಟಿಲ್ಲ. ನಮ್ಮ ಶಾಂಪೂ ದಿನಾ ಬಿದ್ದರೆ ಅದರ ಚರ್ಮ ಒಣಗಿ ಕೆರೆತ ಹೆಚ್ಚುತ್ತದೆ.

ಹೊಟ್ಟೆಯ ವಿಷಯಕ್ಕೆ ಬಂದರೆ, ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹುಳವನ್ನಂತೂ ಕೊಲ್ಲುವುದಿಲ್ಲ. ಮರಿಗೆ ಎರಡು ವಾರ ತುಂಬಿದಾಗಿನಿಂದ ಎರಡು ವಾರಕ್ಕೊಮ್ಮೆ ಜಂತುಹುಳದ ಔಷಧ ಕೊಡಬೇಕು, ಮೂರು ತಿಂಗಳಾದ ಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ನಮ್ಮ ಜ್ವರದ, ನೋವಿನ ಮಾತ್ರೆಗಳು ಬೇಡವೇ ಬೇಡ: ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ. ಹಾಲಿನಿಂದ ಭೇದಿಯಾದರೆ ಹಾಲು ಬಿಟ್ಟು ಮೊಸರು ಕೊಟ್ಟು ನೋಡಿ. ಚುರುಕಾಗಿರುವ ದೊಡ್ಡ ನಾಯಿಗೆ ಒಂದು ದಿನದ ಭೇದಿಗೆ ಮೊಸರನ್ನ ಒಳ್ಳೆಯ ಮನೆಮದ್ದೇ.

ಆದರೆ ಲಸಿಕೆ ಮುಗಿಯದ ಮರಿ ಊಟ ಬಿಟ್ಟು, ವಾಂತಿ ಮಾಡಿ, ರಕ್ತದ ಭೇದಿ ಮಾಡುತ್ತಿದ್ದರೆ ಅದು ಪಾರ್ವೊ ಇರಬಹುದು. ಅಲ್ಲಿ ದಾಳಿಂಬೆ ಸಿಪ್ಪೆ, ಮಜ್ಜಿಗೆ ಎಂದು ಒಂದು ದಿನ ಕಳೆದರೆ ಮರಿ ನೀರಿಲ್ಲದೆ ಸೊರಗಿ ಸಾಯುತ್ತದೆ, ಅದಕ್ಕೆ ಬೇಕಾದದ್ದು ಅವತ್ತೇ ಡ್ರಿಪ್. ಮುಧೋಳ ನಾಯಿಯಂಥ ಆಳ ಎದೆಯ ನಾಯಿ ಹೊಟ್ಟೆ ಉಬ್ಬಿಸಿಕೊಂಡು, ವಾಂತಿಗೆ ಹವಣಿಸಿದರೂ ಏನೂ ಬಾರದೆ ಒದ್ದಾಡುತ್ತಿದ್ದರೆ ಹೊಟ್ಟೆಯ ಚೀಲವೇ ತಿರುಚಿಕೊಂಡಿರಬಹುದು. ಸೋಡಾ ಕುಡಿಸುತ್ತ ಕೂರಬೇಡಿ, ಉಳಿದಿರುವುದು ಕೆಲವೇ ಗಂಟೆ.

ಉಳಿದ ತೊಂದರೆಗಳಿಗೆ ಪಶು ಆಸ್ಪತ್ರೆಗೆ ಹೋಗುವಾಗ ಮೊಬೈಲಿನಲ್ಲಿ ಇಷ್ಟು ಇರಲಿ: ಕಲೆ ಮೊದಲು ಕಂಡ ದಿನದ ಫೋಟೋ, ಈ ವಾರ ನಾಯಿ ತಿಂದದ್ದರ ಪಟ್ಟಿ, ಮಲದ ಫೋಟೋ, ಲಸಿಕೆ ಮತ್ತು ಹುಳದ ಔಷಧ ಕೊಟ್ಟ ತಾರೀಖು. ಮೈಗೆ ಏನಾದರೂ ಹಚ್ಚಿದ್ದರೆ, ಅದು ಸುಟ್ಟ ಆಯಿಲ್ ಆಗಿದ್ದರೂ ಸರಿ, ಮುಚ್ಚಿಡದೆ ಹೇಳಿ.