ತಲಪರಿಗೆಯ ಸೀಮೆ

ತುಮಕೂರು ಜಿಲ್ಲೆಯ ಉತ್ತರ ಭಾಗದಲ್ಲಿ ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡಗಳೆಂಬ ನಾಲ್ಕು ತಾಲ್ಲೋಕುಗಳಿರುವುವು. ಇವುಗಳಿಗೆ ಬರಗಾಲದ ಸೀಮೆಯೆಂಬ ಹೆಸರು ಬಹುಕಾಲದಿಂದ ಅಂಟಿದೆ. ಈ ಹೆಸರು ಅರ್ಧಮಾತ್ರ ನಿಜ. ಮಳೆ ಕಡಮೆಯೆಂಬುದೇನೋ ಸತ್ಯವೇ. ಪಾವಗಡದಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರು ಬಿದ್ದರೆ ಹೆಚ್ಚು. ಆದರೆ ನೆಲದೊಳಗಿನ ನೀರನ್ನು ಕೈಗೆಟುಕುವ ಆಳದಲ್ಲಿಯೇ ಹಿಡಿದು ಬೆಳೆ ತೆಗೆಯುವ ಒಂದು ಕ್ರಮವು ಇಲ್ಲಿ ಬಳಕೆಯಲ್ಲಿತ್ತು. ಅದು ಕೈಬಿಟ್ಟು ಹೋದುದು ಮಳೆಯ ತಪ್ಪಿನಿಂದಲ್ಲ.

ಕೊರಟಗೆರೆ ತಾಲ್ಲೋಕಿನ ಸಿದ್ದರಬೆಟ್ಟವನ್ನು ಹತ್ತಿದವರಿಗೆ ಈ ಸೀಮೆಯ ಗುಟ್ಟು ತಾನಾಗಿಯೇ ತಿಳಿಯುವುದು. ಮೂಲಿಕೆಗಳಿಗೆ ಹೆಸರಾದ ಆ ಬೆಟ್ಟದ ಗವಿಯಲ್ಲಿ, ಸಿದ್ಧೇಶ್ವರನ ಸನ್ನಿಧಿಯಲ್ಲಿ, ಬಂಡೆಗಳ ನಡುವೆ ನೀರು ಒಸರುತ್ತಿರುವುದು. ರಾಮನಗರದ ಕಡೆಯಿಂದ ಪಾವಗಡದವರೆಗೂ ಅದರಾಚೆಗೂ ಹಬ್ಬಿರುವ ಕಗ್ಗಲ್ಲಿನ ಸಾಲಿನಲ್ಲಿ ಈ ಬೆಟ್ಟಗಳೆಲ್ಲ ಸೇರಿವೆ. ಬೋಳು ಬಂಡೆಗಳ ಮೇಲೆ ಬಿದ್ದ ಮಳೆ ನಿಲ್ಲದೆ ಇಳಿದು, ತಗ್ಗಿನಲ್ಲಿ ಕೂಡಿದ ಮರಳಿನೊಳಕ್ಕೆ ಇಂಗುತ್ತದೆ. ಕೆಳಗೆ ಮತ್ತೆ ಗಟ್ಟಿ ಕಲ್ಲು ಅಡ್ಡವಾಗುವುದರಿಂದ ಅಲ್ಲಿಯೇ ತಂಗುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿಯು ಬೇಸಿಗೆಯಲ್ಲಿ ಮೇಲೆ ಬತ್ತಿದರೂ ಮರಳಿನ ಅಡಿಯಲ್ಲಿ ಬತ್ತುತ್ತಿರಲಿಲ್ಲ. ಇಂತಹ ಒರತೆಯ ಬಾಯನ್ನು ತೆಗೆದು, ಅಂಚಿಗೆ ಕಲ್ಲು ಕಟ್ಟಿ, ಸಣ್ಣ ಕಾಲುವೆಯಿಂದ ಗದ್ದೆ ತೋಟಗಳಿಗೆ ನೀರೊಯ್ಯುವುದೇ ತಲಪರಿಗೆ. ನೆಲ ಎತ್ತರವಾಗಿದ್ದರೆ ಅಲ್ಲಿಯೇ ಬಾವಿ ತೋಡಿ ಕಪಿಲೆ ಹೂಡುತ್ತಿದ್ದರು. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರುಗಳ ಮೂಲಕ ಎಳೆದ ಗೆರೆಯ ಪೂರ್ವದ ಸೀಮೆಯಲ್ಲೆಲ್ಲ ಈ ಒರತೆಗಳು ಹಬ್ಬಿದ್ದುವೆಂದು ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿರುವರು.

ಈ ನೀರಿಗೆ ಎತ್ತು ಬೇಡ, ಎಣ್ಣೆ ಬೇಡ, ವಿದ್ಯುಚ್ಛಕ್ತಿ ಬೇಡ. ಬೇಕಾದುದು ಒಂದೇ: ಪಾಲುಗಾರರೆಲ್ಲ ಕಾಲಕಾಲಕ್ಕೆ ಕೂಡಿ ಬಾಯಿಯ ಹೂಳನ್ನೂ ಕಾಲುವೆಯ ಜೊಂಡನ್ನೂ ತೆಗೆಯುವುದು. ಒಬ್ಬನು ತಪ್ಪಿಸಿಕೊಂಡರೆ ಎಲ್ಲರ ನೀರೂ ಕುಗ್ಗುವುದು. ಆದುದರಿಂದ ತಲಪರಿಗೆಯು ನೀರಿನ ಏರ್ಪಾಡಾಗಿದ್ದಷ್ಟೇ ಊರಿನ ಏರ್ಪಾಡೂ ಆಗಿತ್ತು.

ರಾಜ್ಯಗಳು ಬಂದು ಹೋದುವು. ಪಾಳೆಯಗಾರರು ಮಧುಗಿರಿ, ಪಾವಗಡಗಳಲ್ಲಿ ಕೋಟೆ ಕಟ್ಟಿದರು. ಸಿರಾ 1687ರಲ್ಲಿ ಮೊಗಲರ ಪ್ರಾಂತವೊಂದರ ರಾಜಧಾನಿಯಾಗಿ, 1761ರಲ್ಲಿ ಹೈದರನ ಕೈಸೇರಿತು. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನವು ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು. ತಲಪರಿಗೆಗಳು ಇವೆಲ್ಲವನ್ನೂ ದಾಟಿ ಉಳಿದಿದ್ದುವು. ದಾಟಲಾರದೆ ಹೋದುದು ಕಳೆದ ಐವತ್ತು ಅರುವತ್ತು ವರ್ಷಗಳನ್ನು.

1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಹುದ್ದೆಗಳು ರದ್ದಾದುವು. ಅದು ನ್ಯಾಯವೇ, ಹುಟ್ಟಿನಿಂದ ಬರುವ ಅಧಿಕಾರವನ್ನು ಮರಳಿ ಬಯಸುವವರು ಯಾರೂ ಇರಲಾರರು. ಆದರೆ ನೀರುಗಂಟಿಯ ಹುದ್ದೆ ಹೋದಾಗ ನೀರುಗಂಟಿಯ ಕೆಲಸವನ್ನು ಯಾರು ಮಾಡಬೇಕೆಂದು ಊರಿನವರು ಗೊತ್ತುಮಾಡಿಕೊಳ್ಳಲಿಲ್ಲ. ಅದೇ ಕಾಲಕ್ಕೆ ಕೊಳವೆಬಾವಿ ಬಂದಿತು. ಕೈಯಲ್ಲಿ ಹಣವಿದ್ದವನು ತನ್ನ ಜಮೀನಿನಲ್ಲಿಯೇ ನೀರು ಕಂಡಮೇಲೆ ಹತ್ತು ಜನರೊಡನೆ ಸಲಿಕೆ ಹಿಡಿಯುವ ಅಗತ್ಯವನ್ನು ಕಾಣಲಿಲ್ಲ. ಮೊದಲು ನೂರು ಅಡಿ, ಆಮೇಲೆ ಮುನ್ನೂರು, ಈಗ ಸಾವಿರ. ಮೇಲಿನ ಒರತೆ ಕೆಳಗಿಳಿದು ತಲಪರಿಗೆ ಒಣಗಿತು. ನದಿಯ ಮರಳು ಕಟ್ಟಡಗಳಿಗೆ ಹೋದಮೇಲೆ ನೀರು ತಂಗಲು ಜಾಗವೇ ಇಲ್ಲದಾಯಿತು. ಆಳದಿಂದ ಬಂದ ನೀರಾದರೂ ಎಂಥದು? ಒಂದು ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯಲು ತಕ್ಕುದಲ್ಲ; ಪಾವಗಡದ ಎಷ್ಟೋ ಹಳ್ಳಿಗಳ ನೀರು ಈ ಮಿತಿಯನ್ನು ಮೀರಿ, ಮಕ್ಕಳ ಹಲ್ಲು ಕಂದಾಗಿ, ದೊಡ್ಡವರ ಕೀಲುಮೂಳೆ ಬಿಗಿದುಹೋಗಿವೆ.

ಭೂಮಿಯಿಂದ ಬೇರೆ ವರಮಾನವನ್ನು ಕಂಡವರೂ ಉಂಟು. ಪಾವಗಡ ತಾಲ್ಲೋಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಜಮೀನನ್ನು ಸೌರವಿದ್ಯುತ್ತಿಗಾಗಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಮೊದಲಾಗುವ ಗುತ್ತಿಗೆಗೆ ಕೊಡಲಾಯಿತು. ಕಡಲೆಕಾಯಿ ಬಿತ್ತಿ ಮೋಡ ನೋಡುತ್ತ ಕುಳಿತಿದ್ದ ಹಿಡುವಳಿದಾರನು ಇದನ್ನು ಒಪ್ಪಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಗುತ್ತಿಗೆಯ ಹಣ ಖಾತೆದಾರನಿಗೆ ಸಲ್ಲುವುದೇ ಹೊರತು ಆ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೂ ಸಲ್ಲದು.

ತಲಪರಿಗೆಯ ಮಾತೂ ಇಲ್ಲಿಗೇ ಬರುತ್ತದೆ. ಆಳದ ಕೊಳವೆಬಾವಿಯನ್ನು ಕೊರೆಸಬಲ್ಲವರು ಊರಿನಲ್ಲಿ ನಾಲ್ಕು ಮಂದಿ. ಒರತೆಯಿಂದ ಬದುಕಬಲ್ಲವರು ನಲವತ್ತು ಮಂದಿ. ಆ ನಾಲ್ವರೇ ಗ್ರಾಮದ ಮುಖಂಡರೂ ಆಗಿರುವುದು ಸಾಮಾನ್ಯ. ಆದುದರಿಂದ ಮೊದಲ ಹೆಜ್ಜೆ ಅವರಿಂದಲೇ ಬರಬೇಕಾಗಿದೆ. ಒಣಗಿದ ತಲಪರಿಗೆಗಳೆಲ್ಲ ಸತ್ತವೆಂದು ತಿಳಿಯಕೂಡದು. ಮೇಲಿನ ಕೆರೆಯ ಹೂಳು ತೆಗೆದು ಎರಡು ಒಳ್ಳೆಯ ಮಳೆ ನಿಲ್ಲಿಸಿದರೆ ಎಷ್ಟೋ ಬಾಯಿಗಳು ಮತ್ತೆ ಒಸರುವ ಸಂಭವವುಂಟು. ಹೂಳು ಹೊಲಕ್ಕೆ ಗೊಬ್ಬರವಾಗುವುದು. ಅದನ್ನು ಸಾಗಿಸುವ ಕೂಲಿ ಊರಿನಲ್ಲಿಯೇ ಉಳಿಯುವುದು. ಒರತೆಯ ಸುತ್ತ ಹೊಸ ಕೊಳವೆಬಾವಿ ಕೊರೆಯದಂತೆಯೂ, ಮರಳನ್ನು ಎತ್ತದಂತೆಯೂ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಒರತೆಯ ಜಾಗವೂ ಕಾಲುವೆಯ ಜಾಡೂ ಒತ್ತುವರಿಯಾಗಿದ್ದರೆ ಅಳತೆ ಮಾಡಿಸಿ ಕಲ್ಲು ನೆಡಿಸಬೇಕು. ಯಾವ ತಲಪರಿಗೆ ಎಲ್ಲಿತ್ತು, ಅದರ ಪಾಲು ಯಾರಾರದು ಎಂಬುದನ್ನು ಬಲ್ಲ ವೃದ್ಧರು ಕೆಲವು ಊರುಗಳಲ್ಲಿ ಇನ್ನೂ ಇರುವರು. ಮುಂಗಾರಿಗೆ ಮೊದಲು ಅವರನ್ನು ಕರೆದೊಯ್ದು ಜಾಗಗಳನ್ನು ತೋರಿಸಿಕೊಂಡು ಬರೆದಿಡುವ ಕೆಲಸಕ್ಕೆ ಸರಕಾರದ ಅಪ್ಪಣೆ ಬೇಕಾಗಿಲ್ಲ.